ಹೆಸರಿಲ್ಲದ ಸಮಾಧಿಯ ವಿಮಾನವೀರ

1930ನೆಯ ಇಸವಿಯ ಮಾರ್ಚ್ 12ನೆಯ ತಾರೀಖು ನಮ್ಮವರಾರೂ ಮರೆಯುವ ದಿನವಲ್ಲ. ಅಂದು ಬೆಳಿಗ್ಗೆ ಮಹಾತ್ಮಾ ಗಾಂಧಿಯವರು ಕೈಯಲ್ಲಿ ಕೋಲು ಹಿಡಿದು ಸಾಬರಮತಿ ಆಶ್ರಮದಿಂದ ದಾಂಡಿಯ ಕಡಲತೀರಕ್ಕೆ ಹೊರಟರು. ಅವರೊಡನೆ ನಡೆದವರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಒಬ್ಬರಾಗಿದ್ದರೆಂಬುದು ಕನ್ನಡಿಗರಾದ ನಮಗೆಲ್ಲ ಹೆಮ್ಮೆಯ ಮಾತು.

ಅದೇ ದಿನ, ಸಮುದ್ರಗಳ ಆಚೆ, ಕೆನಡಾ ದೇಶದ ರಾಜಧಾನಿಯಾದ ಆಟಾವಾ ನಗರದ ಬಳಿ, ರಾಕ್‌ಕ್ಲಿಫ್ ವಿಮಾನ ನಿಲ್ದಾಣದಲ್ಲಿ ಇಬ್ಬರು ಕೂರುವಂಥ ಪುಟ್ಟ ವಿಮಾನವೊಂದು ಹತೋಟಿ ತಪ್ಪಿ ಬಿದ್ದಿತು. ಅದರಲ್ಲಿ ಒಬ್ಬನೇ ಇದ್ದ ಚಾಲಕನು ಅಸುನೀಗಿದನು. ಆತನ ವಯಸ್ಸು 35. ಹೆಸರು ವಿಲಿಯಂ ಜಾರ್ಜ್ ಬಾರ್ಕರ್. ಮೊದಲನೆಯ ಮಹಾಯುದ್ಧದಲ್ಲಿ 50 ವಿಜಯಗಳನ್ನು ಗಳಿಸಿದವನು ಈತ; ಕೆನಡಾದ ಯೋಧರಲ್ಲೆಲ್ಲ ಅತಿ ಹೆಚ್ಚು ಶೌರ್ಯಪದಕಗಳನ್ನು ಧರಿಸಿದವನೂ ಈತನೇ.

ಈ ಎರಡು ಸಂಗತಿಗಳೂ ಒಂದೇ ದಿನ ನಡೆದದ್ದು ಕೇವಲ ಕಾಲದ ಆಟ. ಆದರೆ ಬಾರ್ಕರನ ಬಾಳಿನ ದಾರಿ ಬೇರೆ ಎರಡು ಕಡೆ ನಮ್ಮ ದೇಶದ ಕಥೆಯನ್ನು ಹಾಯ್ದುಹೋಗಿದೆ. ಇಷ್ಟು ಪದಕಗಳನ್ನು ಗಳಿಸಿದವನ ಸಮಾಧಿಯ ಮೇಲೆ 81 ವರ್ಷಗಳ ಕಾಲ ಅವನ ಹೆಸರೇ ಇರಲಿಲ್ಲವೆಂಬುದು ಇನ್ನೂ ವಿಚಿತ್ರ. ಆ ಕಥೆಯನ್ನು ನಮ್ಮ ಮನೆಮಂದಿಯೆಲ್ಲ ಓದಲೆಂದು ಇಲ್ಲಿ ಬರೆದಿದ್ದೇನೆ.

ಕುದುರೆಯ ಬೆನ್ನಿನಿಂದ ವಿಮಾನಕ್ಕೆ

ಬಾರ್ಕರ್ ಹುಟ್ಟಿದ್ದು 1894ರ ನವೆಂಬರ್ 3ರಂದು, ಕೆನಡಾದ ಮ್ಯಾನಿಟೋಬಾ ಪ್ರಾಂತದ ಡಾಫಿನ್ ಎಂಬ ಊರಿನ ಸೀಮೆಯಲ್ಲಿ. ಆ ಕಾಲಕ್ಕೆ ಅದು ಆಗತಾನೆ ನೇಗಿಲು ಕಂಡ ಹೊಸ ನೆಲ. ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಮನೆ, ತಂದೆಯ ಹೊಲ, ಮರ ಕೊಯ್ಯುವ ಕಾರ್ಖಾನೆ, ಇವುಗಳ ನಡುವೆ ಹುಡುಗ ಬೆಳೆದನು. ಕುದುರೆ ಸವಾರಿ ಆತನಿಗೆ ನಡಿಗೆಯಷ್ಟೇ ಸಹಜವಾಗಿದ್ದಿತು. ಬಂದೂಕಿನಲ್ಲಂತೂ ಎತ್ತಿದ ಕೈ. ತನ್ನ ಬಂದೂಕಿಗೆ ತಾನೇ ಬೇರೆ ಗುರಿನೋಟವನ್ನು ಅಳವಡಿಸಿಕೊಂಡು, ಓಡುವ ಕುದುರೆಯ ಮೇಲಿಂದಲೇ ಗುರಿಯಿಟ್ಟು ಹೊಡೆಯುತ್ತಿದ್ದನು. ತಾನೂ ಚಲಿಸುತ್ತ, ಚಲಿಸುವ ಗುರಿಯನ್ನು ಹೊಡೆಯುವುದೇ ವಿಮಾನಯುದ್ಧದ ಮರ್ಮ. ಆ ವಿದ್ಯೆಯನ್ನು ಹುಡುಗನು ವಿಮಾನವನ್ನು ಏರುವ ಮೊದಲೇ ಕಲಿತಿದ್ದನೆನ್ನಬೇಕು.

1914ರಲ್ಲಿ ಯುದ್ಧ ಹತ್ತಿಕೊಂಡಿತು. ಡಿಸೆಂಬರ್ ತಿಂಗಳಲ್ಲಿ ಬಾರ್ಕರ್ ಕೆನಡಾದ ಅಶ್ವಾರೋಹಿ ರೈಫಲ್ ಪಡೆಗೆ ಸೇರಿದನು. ಆದರೆ 1915ರಲ್ಲಿ ಫ್ರಾನ್ಸಿಗೆ ಹೋಗಿ ನೋಡಿದರೆ ಅಲ್ಲಿ ಕುದುರೆಗೆ ಓಡಲು ಜಾಗವೇ ಇರಲಿಲ್ಲ. ಎಲ್ಲೆಲ್ಲಿಯೂ ಕೆಸರು, ಮುಳ್ಳುತಂತಿ, ಕಂದಕ. ಯಂತ್ರಬಂದೂಕು ಹಿಡಿದು ಕಂದಕದಲ್ಲಿ ಕುಳಿತವನ ಕಣ್ಣು ಮೇಲಿನ ಬಯಲಿನತ್ತ ಹೋಯಿತು. 1916ರಲ್ಲಿ ಆತನು ಬ್ರಿಟಿಷರ ವಿಮಾನದಳವಾದ ರಾಯಲ್ ಫ್ಲೈಯಿಂಗ್ ಕೋರನ್ನು ಸೇರಿದನು. ಚಾಲಕನಾಗಿ ಅಲ್ಲ, ವೀಕ್ಷಕನಾಗಿ.

ವೀಕ್ಷಕನ ಕೆಲಸ ಸಾಮಾನ್ಯದ್ದಲ್ಲ. ನಿಧಾನವಾಗಿ ಹಾರುವ ವಿಮಾನದಲ್ಲಿ ಕುಳಿತು, ಶತ್ರುಗಳ ತೋಪುಗಳೆಲ್ಲಿವೆ, ಸೈನ್ಯ ಎಲ್ಲಿ ಕೂಡುತ್ತಿದೆ ಎಂದು ನೋಡಿ, ನಿಸ್ತಂತುವಿನಲ್ಲಿ ಕೆಳಗಿನ ತಮ್ಮ ಫಿರಂಗಿಯವರಿಗೆ ತಿಳಿಸಬೇಕು. 1916ರ ನವೆಂಬರ್ ತಿಂಗಳಲ್ಲಿ ಆಂಕರ್ ನದಿಯ ಮೇಲೆ ತೀರ ತಗ್ಗಿನಲ್ಲಿ ಹಾರುತ್ತಿದ್ದಾಗ, ಸುಮಾರು 4,000 ಜರ್ಮನ್ ಸೈನಿಕರು ಎದುರುದಾಳಿಗೆ ಒಟ್ಟುಗೂಡುತ್ತಿರುವುದು ಬಾರ್ಕರನ ಕಣ್ಣಿಗೆ ಬಿದ್ದಿತು. ಆತನ ಸುದ್ದಿ ಹೋದೊಡನೆ ಸುತ್ತಲಿನ ತೋಪುಗಳೆಲ್ಲ ಅತ್ತ ತಿರುಗಿದುವು, ದಾಳಿ ಮುರಿದುಬಿದ್ದಿತು. ಆತನಿಗೆ ಮಿಲಿಟರಿ ಕ್ರಾಸ್ ಎಂಬ ಪದಕ ಬಂದಿತು.

ಮರುವರ್ಷದ ಆರಂಭದಲ್ಲಿ ಚಾಲಕನಾಗಲು ತರಬೇತಿಗೆ ಹೋದನು. ಶಿಕ್ಷಕನೊಡನೆ 55 ನಿಮಿಷ ಹಾರಿದ ಮೇಲೆ ಬಾರ್ಕರ್ ಒಬ್ಬನೇ ವಿಮಾನವನ್ನು ಮೇಲೇರಿಸಿದನು. ನಮ್ಮಲ್ಲಿ ಸೈಕಲ್ ಕಲಿಯಲೂ ಮಕ್ಕಳು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ!

ರುಮಾಲಿನ ಸಂಗಾತಿ

1917ರಲ್ಲಿ ಬಾರ್ಕರ್ 28ನೆಯ ಸ್ಕ್ವಾಡ್ರನ್ನಿಗೆ ಬಂದನು. ಅವನ ಕೈಗೆ ಬಂದದ್ದು ಸಾಪ್‌ವಿತ್ ಕ್ಯಾಮೆಲ್ ಎಂಬ ಹೊಸ ಕಾಳಗದ ವಿಮಾನ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಮೈ, ಒಂದರ ಮೇಲೊಂದು ಎರಡು ರೆಕ್ಕೆ, ಮುಂದೆ ಎರಡು ಯಂತ್ರಬಂದೂಕು. ಆ ಬಂದೂಕುಗಳ ಮೇಲಿನ ಹೊದಿಕೆ ಡುಬ್ಬದಂತೆ ಕಾಣುತ್ತಿದ್ದುದರಿಂದಲೇ ಅದಕ್ಕೆ ಒಂಟೆಯೆಂಬ ಹೆಸರು. ವೇಗ ಗಂಟೆಗೆ ಸುಮಾರು 115 ಮೈಲಿ. ತಲೆಯ ಮೇಲೆ ಮುಚ್ಚಿಗೆಯಿಲ್ಲ. ಎಂಜಿನ್ನಿಗೆ ಹಾಕುತ್ತಿದ್ದುದು ನಮ್ಮ ಹರಳೆಣ್ಣೆ. ಅದು ಹಾರುವಾಗ ಚಾಲಕನ ಮುಖಕ್ಕೆಲ್ಲ ಸಿಡಿಯುತ್ತಿದ್ದಿತು. ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದ ಮಾತೊಂದಿದೆ: ಆ ವಿಮಾನಗಳಲ್ಲಿ ಚಾಲಕನಿಗೆ ಪ್ಯಾರಾಶೂಟ್, ಅಂದರೆ ಗಾಳಿಕೊಡೆ, ಇರಲಿಲ್ಲ. ವಿಮಾನಕ್ಕೆ ಬೆಂಕಿ ಹತ್ತಿದರೆ ಅದರೊಡನೆ ಇಳಿಯಬೇಕು, ಇಲ್ಲವೇ ಹಾರಿಕೊಳ್ಳಬೇಕು. ಎರಡೂ ಸಾವೇ.

ಈ ಸ್ಕ್ವಾಡ್ರನ್ನಿನಲ್ಲಿ ನಮ್ಮ ದೇಶದವರೊಬ್ಬರಿದ್ದರು. ಸರ್ದಾರ್ ಹರ್ದಿತ್ ಸಿಂಗ್ ಮಲಿಕರು ರಾವಳಪಿಂಡಿಯವರು. ಹುಟ್ಟಿದ್ದು 1894ರ ನವೆಂಬರ್ 23ರಂದು. ಬಾರ್ಕರನಿಗಿಂತ ಇಪ್ಪತ್ತು ದಿನಕ್ಕೆ ಚಿಕ್ಕವರು. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಓದುತ್ತಿದ್ದ ಇವರ ಸಹಪಾಠಿಗಳಾದ ಇಂಗ್ಲಿಷರಿಗೆಲ್ಲ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಸಿಕ್ಕಿತು. ಹಿಂದುಸ್ಥಾನದವರಾದ ಇವರಿಗೆ ಸಿಕ್ಕಲಿಲ್ಲ. ಆಗ ಇವರು ಫ್ರೆಂಚ್ ರೆಡ್ ಕ್ರಾಸಿನಲ್ಲಿ ಗಾಯಾಳುಗಳ ಗಾಡಿ ನಡೆಸಿದರು. ಕೊನೆಗೆ ಫ್ರೆಂಚರ ವಿಮಾನದಳವೇ ಇವರನ್ನು ತೆಗೆದುಕೊಳ್ಳಲು ಒಪ್ಪಿತು. ಅದನ್ನು ಕೇಳಿದ ಇವರ ಕಾಲೇಜಿನ ಗುರುಗಳು ಬ್ರಿಟಿಷ್ ವಿಮಾನದಳದ ಜನರಲ್ಲಿಗೆ ಪತ್ರ ಬರೆದರು. ಫ್ರೆಂಚರಿಗೆ ಬೇಕಾದವನು ನಿಮಗೇಕೆ ಬೇಡವೆಂಬುದು ಅದರ ಸಾರಾಂಶ. 1917ರ ಏಪ್ರಿಲ್ ತಿಂಗಳಲ್ಲಿ ಮಲಿಕರು ಅಧಿಕಾರಿಯಾದರು. ಸಿಖ್ಖರ ರುಮಾಲನ್ನು ಬಿಡಲಿಲ್ಲ. ಅದರ ಮೇಲೆ ಕೂರುವಂತೆ ದೊಡ್ಡದೊಂದು ಶಿರಸ್ತ್ರಾಣವನ್ನು ಮಾಡಿಸಿಕೊಂಡರು.

ಆ ವರ್ಷದ ಅಕ್ಟೋಬರ್ 26ರಂದು ಹವೆ ತೀರ ಕೆಟ್ಟಿದ್ದಿತು. ಮೋಡ ನೆಲಕ್ಕೆ ತಾಗುವಂತಿದ್ದರೂ ಬಾರ್ಕರನ ಮುಂದಾಳುತನದಲ್ಲಿ ವಿಮಾನಗಳು ಹೊರಟವು, ಮಲಿಕರೂ ಹೊರಟರು. ಜರ್ಮನ್ ವಿಮಾನಗಳು ಮುತ್ತಿದುವು. ಮಲಿಕರು ಒಂದನ್ನು ಕೆಡವಿದರು. ಆದರೆ ಅವರ ಬಲಗಾಲಿಗೆ ಗುಂಡು ತಗುಲಿತು. ರಕ್ತ ಸುರಿಯುತ್ತಿದ್ದಂತೆಯೇ ಹಿಂದಕ್ಕೆ ಹಾರಿ ತಮ್ಮವರ ಗಡಿಯೊಳಗೆ ಬಂದು ಬಿದ್ದರು. ವಿಮಾನದ ಮೈಯಲ್ಲಿ ಎಣಿಸಿದಾಗ 400ಕ್ಕೂ ಹೆಚ್ಚು ಗುಂಡಿನ ತೂತುಗಳಿದ್ದವು! ಬಾರ್ಕರನೂ ಆ ದಿನ ಬದುಕಿ ಹಿಂದಿರುಗಿದನು. ಒಂದೇ ತಿಂಗಳು ಹುಟ್ಟಿದ ಇಬ್ಬರು, ಒಂದೇ ಮೋಡದ ಕೆಳಗೆ ಸಾವಿನ ಬಾಯಿಗೆ ಹೋಗಿ ಬಂದರು. ಮುಂದೆ ಅವರ ದಾರಿಗಳು ಬೇರೆಯಾದುವು.

ಇಟಲಿಯ ಆಕಾಶದಲ್ಲಿ

1917ರ ಕೊನೆಯಲ್ಲಿ ಕಪೊರೆಟ್ಟೋ ಎಂಬಲ್ಲಿ ಇಟಲಿಯ ಸೈನ್ಯವು ದೊಡ್ಡ ಸೋಲನ್ನು ಕಂಡಿತು. ಅದರ ನೆರವಿಗೆ ಹೋದ ಬ್ರಿಟಿಷ್ ಪಡೆಗಳಲ್ಲಿ 28ನೆಯ ಸ್ಕ್ವಾಡ್ರನ್ನೂ ಒಂದು. ಬಾರ್ಕರನ ಹೆಸರು ಬೆಳಗಿದ್ದು ಇಲ್ಲಿಯೇ. ಒಂದು ವರ್ಷದಲ್ಲಿ ಒಂದೇ ವಿಮಾನದಲ್ಲಿ ಕುಳಿತು 46 ವಿಮಾನ ಮತ್ತು ಬಲೂನುಗಳನ್ನು ಗೆದ್ದನು. ಆ ಕ್ಯಾಮೆಲ್ ವಿಮಾನದ ಸಂಖ್ಯೆ ಬಿ 6313. ಬ್ರಿಟಿಷ್ ವಿಮಾನದಳದ ಇತಿಹಾಸದಲ್ಲಿ ಯಾವೊಂದು ಕಾಳಗದ ವಿಮಾನವೂ ಇಷ್ಟು ಜಯಗಳನ್ನು ಗಳಿಸಿಲ್ಲ. ಸ್ಕ್ವಾಡ್ರನ್ ಬದಲಾದರೂ ಬಾರ್ಕರ್ ಆ ವಿಮಾನವನ್ನು ಬಿಡಲಿಲ್ಲ. ಬೇರೆ ಬಗೆಯ ವಿಮಾನಗಳಿದ್ದ 139ನೆಯ ಸ್ಕ್ವಾಡ್ರನ್ನಿಗೆ ನಾಯಕನಾಗಿ ಹೋದಾಗಲೂ ಅದನ್ನೇ ಜೊತೆಗೆ ಒಯ್ದನು.

ಇಟಲಿಯಲ್ಲಿ ಆತನು ಮಾಡಿದ್ದೆಲ್ಲವೂ ನಾವು ಮೆಚ್ಚುವಂಥದೇ ಎಂದು ಹೇಳಲಾರೆ. 1917ರ ಕ್ರಿಸ್‌ಮಸ್ ದಿನದಂದು, ಶತ್ರುಗಳು ಹಬ್ಬದಲ್ಲಿ ಮೈಮರೆತಿದ್ದಾಗ, ತನ್ನ ಜೊತೆಗಾರನೊಡನೆ ಹೋಗಿ ಅವರ ವಿಮಾನ ನಿಲ್ದಾಣದ ಮೇಲೆ ಗುಂಡಿನ ಮಳೆ ಕರೆದು, ಹಬ್ಬದ ಶುಭಾಶಯ ಬರೆದ ಫಲಕವೊಂದನ್ನು ಎಸೆದು ಬಂದನು. ಯುದ್ಧವು ಒಳ್ಳೆಯವರ ಕೈಯಲ್ಲಿಯೂ ಎಂಥ ಕೆಲಸ ಮಾಡಿಸುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನೊಂದು ಸಾಹಸ ಬೇರೆ ಜಾತಿಯದು. 1918ರ ಆಗಸ್ಟ್ 8ರ ರಾತ್ರಿ, ತಂದೂರಾ ಎಂಬ ಇಟಲಿಯ ಗೂಢಚಾರನೊಬ್ಬನನ್ನು ಶತ್ರುವಿನ ಗಡಿಯ ಹಿಂದೆ ಇಳಿಸಬೇಕಾಗಿದ್ದಿತು. ವಿಮಾನ ನಡೆಸಿದವನು ಬಾರ್ಕರ್. ಜೊತೆಗೆ ಕುಳಿತವನು ವೆಡ್ಜ್‌ವುಡ್ ಬೆನ್. ತಂದೂರಾ ಕುಳಿತಿದ್ದ ಪೀಠವು ಕೀಲಿನ ಮೇಲೆ ನಿಂತಿದ್ದಿತು. ಹೊತ್ತು ಬಂದಾಗ ಬೆನ್ ಒಂದು ಹಿಡಿಯನ್ನು ಎಳೆದನು. ಗೂಢಚಾರನು ಪ್ಯಾರಾಶೂಟಿನೊಡನೆ ಕತ್ತಲೆಯೊಳಕ್ಕೆ ಜಾರಿದನು. ಸುರಕ್ಷಿತವಾಗಿ ಇಳಿದು ತನ್ನ ಕೆಲಸವನ್ನೂ ಮಾಡಿದನು. ಇಬ್ಬರಿಗೂ ಇಟಲಿಯ ಪದಕಗಳು ಬಂದುವು.

ಈ ವೆಡ್ಜ್‌ವುಡ್ ಬೆನ್ ಬೇರೆ ಯಾರೂ ಅಲ್ಲ. 1929ರಿಂದ 1931ರವರೆಗೆ ಲಂಡನ್ನಿನಲ್ಲಿ ಭಾರತ ಸಚಿವನಾಗಿದ್ದವನೇ ಇವನು. ಗಾಂಧಿಯವರು ದಾಂಡಿಗೆ ಹೊರಟ ಸುದ್ದಿ, ತನ್ನ ಹಳೆಯ ಸಂಗಾತಿ ಆಟಾವಾದಲ್ಲಿ ಬಿದ್ದ ಸುದ್ದಿ, ಎರಡೂ ಒಂದೇ ದಿನದವು.

ಮೇಲೆ ಹೇಳಿದ ಕ್ಯಾಮೆಲ್ ವಿಮಾನದ ಕೊನೆಯನ್ನೂ ಹೇಳಿಬಿಡುತ್ತೇನೆ. 1918ರ ಅಕ್ಟೋಬರ್ 2ರಂದು ಅದನ್ನು ಬಿಚ್ಚಿಹಾಕಿದರು. ಅದರಲ್ಲಿದ್ದ ಗಡಿಯಾರವನ್ನು ಬಾರ್ಕರ್ ನೆನಪಿಗಾಗಿ ಇಟ್ಟುಕೊಂಡನು. ಮರುದಿನವೇ ಅದನ್ನು ಹಿಂದಿರುಗಿಸಬೇಕೆಂದು ಮೇಲಿನಿಂದ ಕೇಳಿಕೆ ಬಂದಿತು! ಸರಕಾರಿ ಕಡತಗಳ ನಡುವೆ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದನ್ನು ಓದಿ ನಗುವೂ ಬಂದಿತು, ನಾಚಿಕೆಯೂ ಆಯಿತು. 46 ಜಯಗಳನ್ನು ಒಬ್ಬರು ಬರೆದುಕೊಂಡರು. ಒಂದು ಗಡಿಯಾರದ ಕೊರತೆಯನ್ನು ಇನ್ನೊಬ್ಬರು ಬರೆದುಕೊಂಡರು.

ಕೊನೆಯ ಕಾಳಗ

ಆ ಶರತ್ಕಾಲದಲ್ಲಿ ಬಾರ್ಕರನನ್ನು ಇಂಗ್ಲೆಂಡಿಗೆ ಕರೆಸಿ ವಿಮಾನಯುದ್ಧ ಕಲಿಸುವ ಶಾಲೆಯೊಂದರ ಹೊಣೆಯನ್ನು ಒಪ್ಪಿಸಿದರು. ಕಲಿಸುವವನಿಗೆ ಫ್ರಾನ್ಸಿನ ರಣರಂಗದ ಹೊಸ ಪದ್ಧತಿಗಳು ತಿಳಿದಿರಬೇಡವೇ ಎಂದು ಆತನೇ ಕೇಳಿಕೊಂಡು, ಹತ್ತು ದಿನಗಳ ಮಟ್ಟಿಗೆ ಅಲ್ಲಿನ 201ನೆಯ ಸ್ಕ್ವಾಡ್ರನ್ನಿಗೆ ಹೋದನು. ಈ ಸಲದ ವಿಮಾನ ಸಾಪ್‌ವಿತ್ ಸ್ನೈಪ್. ಅವಧಿ ಮುಗಿದು, 1918ರ ಅಕ್ಟೋಬರ್ 27ರ ಬೆಳಿಗ್ಗೆ ವಿಮಾನವನ್ನು ಹಿಂದಕ್ಕೆ ಒಪ್ಪಿಸಲು ಹೊರಟನು.

ದಾರಿಯಲ್ಲಿ ಮೊರ್ಮಾಲ್ ಕಾಡಿನ ಮೇಲೆ, ಬಹಳ ಎತ್ತರದಲ್ಲಿ, ಜರ್ಮನರ ವೀಕ್ಷಣಾ ವಿಮಾನವೊಂದು ಕಂಡಿತು. ಬಾರ್ಕರ್ ಅದರ ಮೇಲೇರಿಹೋಗಿ ಹೊಡೆದನು. ಅದು ಗಾಳಿಯಲ್ಲೇ ಒಡೆಯಿತು. ಅಷ್ಟರಲ್ಲಿ ಫೊಕರ್ ಎಂಬ ಜರ್ಮನ್ ಕಾಳಗದ ವಿಮಾನವೊಂದರಿಂದ ಬಂದ ಗುಂಡು ಆತನ ಬಲತೊಡೆಗೆ ಹೊಕ್ಕಿತು. ಬಾರ್ಕರ್ ತಿರುಗಿ ಅದನ್ನೂ ಉರಿಸಿದನು. ಆಮೇಲೆ ನೋಡುತ್ತಾನೆ, ಸುತ್ತಲೂ ಫೊಕರ್‌ಗಳ ಹಿಂಡು: ಹದಿನೈದು, ಅಥವಾ ಅದಕ್ಕೂ ಹೆಚ್ಚು. ಎಡತೊಡೆಗೂ ಪೆಟ್ಟು ಬಿದ್ದಿತು. ಪ್ರಜ್ಞೆ ತಪ್ಪಿತು, ವಿಮಾನ ತಿರುಗುತ್ತ ಕೆಳಕ್ಕೆ ಹೋಯಿತು. ಎಚ್ಚರವಾದಾಗ ಇನ್ನೂ ಶತ್ರುಗಳ ನಡುವೆಯೇ ಇದ್ದನು. ಒಂದು ವಿಮಾನದ ಮೇಲೆ ನೇರವಾಗಿ ನುಗ್ಗಿ ಅದನ್ನು ಕೆಡವಿದನು. ಎಡಮೊಣಕೈ ಪುಡಿಯಾಯಿತು. ಮತ್ತೆ ಮೂರ್ಛೆ, ಮತ್ತೆ ಎಚ್ಚರ, ಮತ್ತೆ ಕಾದಾಟ. ಎರಡು ಕಾಲೂ ಒಂದು ಕೈಯೂ ಕೆಲಸಕ್ಕೆ ಬಾರದಿದ್ದಾಗ, ಉಳಿದ ಒಂದೇ ಕೈಯಿಂದ ನಾಲ್ಕನೆಯ ವಿಮಾನವನ್ನು ಉರುಳಿಸಿ, ಅಡ್ಡ ಬಂದ ಇನ್ನೊಂದು ಹಿಂಡನ್ನು ಸೀಳಿಕೊಂಡು ತಮ್ಮವರ ಗಡಿಯೊಳಗೆ ಬಂದು ಬಿದ್ದನು.

ಈ ಕಾಳಗ ನಡೆದದ್ದು ಕೆನಡಾದ ಪಡೆಗಳ ನೆತ್ತಿಯ ಮೇಲೆಯೇ. ಕಂದಕಗಳಿಂದ ಸಾವಿರಾರು ಸೈನಿಕರು ತಲೆಯೆತ್ತಿ ನೋಡಿದರು. ಇದಾದ ಹದಿನೈದು ದಿನಕ್ಕೆ ಯುದ್ಧವೇ ಮುಗಿಯಿತು. ಹದಿನೈದು ದಿನ! ಆ ಬೆಳಿಗ್ಗೆ ವಿಮಾನವನ್ನು ನೇರವಾಗಿ ಒಯ್ದು ಒಪ್ಪಿಸಿದ್ದರೆ ಆತನು ಗಟ್ಟಿಯಾದ ಮೈಯಿಂದ ಮನೆಗೆ ಹೋಗುತ್ತಿದ್ದನು. ಆಸ್ಪತ್ರೆಯಿಂದ ಬರೆದ ಕಾಗದದಲ್ಲಿ ಬಾರ್ಕರ್ ತಾನು ಮೂರ್ಖ ಹುಡುಗನಂತೆ ನಡೆದುಕೊಂಡೆನೆಂದು ತಾನೇ ಒಪ್ಪಿಕೊಂಡಿದ್ದಾನೆ.

ರುಆಂ ನಗರದ ಆಸ್ಪತ್ರೆಯಲ್ಲಿ 1919ರ ಜನವರಿಯವರೆಗೂ ಬದುಕು ಸಾವುಗಳ ನಡುವೆ ತೂಗಾಡಿದನು. ಆ ಮಾರ್ಚ್ 1ರಂದು ಲಂಡನ್ನಿನ ಅರಮನೆಯಲ್ಲಿ ದೊರೆಯ ಕೈಯಿಂದ ವಿಕ್ಟೋರಿಯಾ ಕ್ರಾಸನ್ನು ಪಡೆಯಲು ಹೋದಾಗ, ಕೆಲವೇ ಹೆಜ್ಜೆ ನಡೆಯುವುದು ಆತನಿಗೆ ಸಾಧ್ಯವಾಯಿತು.

ಶಾಂತಿಯ ಕಾಲದ ಯುದ್ಧ

ವೀರರ ಕಥೆಗಳನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಾರೆ. ಆದರೆ ಬಾರ್ಕರ್ ಇನ್ನೂ ಹನ್ನೊಂದು ವರ್ಷ ಬದುಕಿದನು. ಕಾಲುಗಳು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಎಡಗೈ ಅಲ್ಪಸ್ವಲ್ಪವೇ ಆಡುತ್ತಿದ್ದಿತು. ಆದರೂ 1919ರಲ್ಲೇ ಮತ್ತೆ ಹಾರತೊಡಗಿದನು. ಕೆನಡಾದ ಇನ್ನೊಬ್ಬ ವಿಮಾನವೀರನಾದ ಬಿಲ್ಲಿ ಬಿಷಪ್ಪನೊಡನೆ ಕೂಡಿ ವಿಮಾನ ಸಾರಿಗೆಯ ಕಂಪನಿಯೊಂದನ್ನು ತೆರೆದನು. ವಿಮಾನದಲ್ಲಿ ಕೂರಲು ಜನ ಇನ್ನೂ ಹೆದರುತ್ತಿದ್ದ ಕಾಲ ಅದು. 1922ರ ಹೊತ್ತಿಗೆ ವ್ಯಾಪಾರ ಮುಚ್ಚಿಹೋಯಿತು. ಆ ನಡುವೆ ಬಿಷಪ್ಪನ ಸಂಬಂಧಿಯೊಬ್ಬಳನ್ನು ಮದುವೆಯಾದನು. ಒಬ್ಬಳು ಮಗಳು ಹುಟ್ಟಿದಳು.

ಆಮೇಲೆ ಕೆನಡಾದ ವಿಮಾನದಳಕ್ಕೆ ಸೇರಿದನು. 1924ರಲ್ಲಿ ಸ್ವಲ್ಪ ಕಾಲ ಅದರ ಹಂಗಾಮಿ ನಿರ್ದೇಶಕನೂ ಆಗಿದ್ದನು. ಅಲ್ಲಿ ಆತನು ಮಾಡಿದ ಒಂದು ಕೆಲಸವನ್ನು ನಾನು 50 ಜಯಗಳಿಗಿಂತಲೂ ದೊಡ್ಡದೆಂದು ಎಣಿಸುತ್ತೇನೆ: ಆ ದಳದ ಚಾಲಕರಿಗೆ ಪ್ಯಾರಾಶೂಟುಗಳನ್ನು ತಂದುಕೊಟ್ಟನು. ಹಿಂದೆ ಇಟಲಿಯ ರಾತ್ರಿಯಲ್ಲಿ ಗೂಢಚಾರನೊಬ್ಬನನ್ನು ಅದರಿಂದಲೇ ಇಳಿಸಿದ್ದನು. ಆಗ ವಿಮಾನ ನಡೆಸುತ್ತಿದ್ದ ತನಗೂ ತನ್ನ ಗೆಳೆಯರಿಗೂ ಅದು ಇರಲಿಲ್ಲ. ಉರಿಯುತ್ತ ಬೀಳುವ ವಿಮಾನಗಳನ್ನು ಆತನಷ್ಟು ಹತ್ತಿರದಿಂದ ಕಂಡವರು ಕಡಮೆ. ಆ ಕಣ್ಣುಗಳೇ ಮುಂದಿನ ಹುಡುಗರ ಪ್ರಾಣದ ಚಿಂತೆ ಮಾಡಿದುವು.

1926ರಲ್ಲಿ ವಿಮಾನದಳವನ್ನು ಬಿಟ್ಟನು. ಹೊಗೆಸೊಪ್ಪಿನ ತೋಟಗಳ ವ್ಯವಹಾರಕ್ಕೆ ಕೈಯಿಟ್ಟನು. 1927ರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ಎಂಬ ಮಂಜುಗಡ್ಡೆಯ ಹಾಕಿ ತಂಡಕ್ಕೆ ಮೊದಲ ಅಧ್ಯಕ್ಷನಾದನು. ಹೊರಗೆ ನೋಡಿದವರಿಗೆ ಗೌರವದ ಬಾಳು. ಒಳಗೆ ಗಾಯಗಳ ನೋವು. ಕೊನೆಯ ವರ್ಷಗಳಲ್ಲಿ ಕುಡಿತದ ಚಟವೂ ಅಂಟಿಕೊಂಡಿತು. ಇದನ್ನು ಆತನ ದೋಷವೆಂದು ಬರೆಯುವುದು ಸುಲಭ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಎರಡು ಕಾಲನ್ನೂ ಒಂದು ಕೈಯನ್ನೂ ಒತ್ತೆಯಿಟ್ಟು ಬಂದವನ ರಾತ್ರಿಗಳು ಹೇಗಿದ್ದುವೆಂದು ಬರೆಯುವುದು ಸುಲಭವಲ್ಲ.

1930ರ ಜನವರಿಯಲ್ಲಿ ಫೇರ್‌ಚೈಲ್ಡ್ ವಿಮಾನ ಕಂಪನಿಯಲ್ಲಿ ಒಳ್ಳೆಯ ಹುದ್ದೆ ದೊರೆಯಿತು. ಇನ್ನು ದಿನಗಳು ತಿಳಿಯಾದುವು ಎನ್ನುವಾಗಲೇ, ವಿಮಾನದಳದವರಿಗೆ ಹೊಸ ತರಬೇತಿ ವಿಮಾನವನ್ನು ತೋರಿಸಲೆಂದು ರಾಕ್‌ಕ್ಲಿಫ್‌ಗೆ ಹೋದನು. ತಾನೊಮ್ಮೆ ಹಾರಿಸಿ ನೋಡುತ್ತೇನೆಂದು ಮೇಲೇರಿದವನು ನೆಲಕ್ಕೆ ಹತ್ತಿರದಲ್ಲಿಯೇ ಹತೋಟಿ ತಪ್ಪಿ ಬಿದ್ದನು.

ಎಂಬತ್ತೊಂದು ವರ್ಷಗಳ ಮೌನ

ಟೊರಾಂಟೊ ನಗರದಲ್ಲಿ ನಡೆದ ಶವಯಾತ್ರೆಯಲ್ಲಿ 2,000 ಸೈನಿಕರು ಸಾಲಾಗಿ ನಡೆದರು. ದಾರಿಯ ಇಕ್ಕೆಲಗಳಲ್ಲಿ ಸುಮಾರು 50,000 ಜನ ನಿಂತಿದ್ದರು. ವಿಕ್ಟೋರಿಯಾ ಕ್ರಾಸ್ ಪಡೆದ ಬೇರೆ ಆರು ಮಂದಿ ವೀರರೂ ಬಂದಿದ್ದರು. ಮೌಂಟ್ ಪ್ಲೆಸೆಂಟ್ ಸ್ಮಶಾನದಲ್ಲಿ ಹೆಂಡತಿಯ ತವರಿನವರ ಸಮಾಧಿಗೃಹದೊಳಗೆ ಆತನನ್ನು ಇರಿಸಿದರು. ಆ ಗೃಹದ ಬಾಗಿಲಿನ ಮೇಲೆ ಸ್ಮಿತ್ ಎಂಬ ಅವರ ಮನೆತನದ ಹೆಸರಿದ್ದಿತು. ಜನ ಚದುರಿತು.

ಆಮೇಲೆ ಮೆಲ್ಲಮೆಲ್ಲನೆ ಮರೆವು ಕವಿಯಿತು. ಜೊತೆಗಾರ ಬಿಷಪ್ ತನ್ನ ಅನುಭವಗಳನ್ನು ಪುಸ್ತಕವಾಗಿ ಬರೆದಿದ್ದನು, 1956ರವರೆಗೆ ಬದುಕಿದ್ದನು. ಜನ ಆತನನ್ನು ನೆನೆದರು. ಬಾರ್ಕರ್ ಆತ್ಮಕಥೆ ಬರೆಯಲಿಲ್ಲ. ಹೇಳಲು ಬದುಕಿಯೂ ಉಳಿಯಲಿಲ್ಲ. 1997ರಲ್ಲಿ ವೇಯ್ನ್ ರಾಲ್ಫ್ ಎಂಬ ಲೇಖಕನು ಆತನ ಜೀವನಚರಿತ್ರೆಯನ್ನು ಪ್ರಕಟಿಸಿದ ಮೇಲೆ ಕೆನಡಾದ ಜನ ಮತ್ತೆ ಕಣ್ತೆರೆದರು. 2011ರ ಸೆಪ್ಟೆಂಬರ್ 22ರಂದು ಆ ಸಮಾಧಿಯ ಬಳಿ ಸ್ಮಾರಕವೊಂದನ್ನು ನಿಲ್ಲಿಸಿ ಹೆಸರನ್ನು ಕೆತ್ತಿಸಿದರು. ಇಂದು ಹುಟ್ಟೂರಾದ ಡಾಫಿನ್ನಿನ ವಿಮಾನ ನಿಲ್ದಾಣಕ್ಕೂ ಆತನದೇ ಹೆಸರು.

ಇನ್ನು ರುಮಾಲಿನ ಸಂಗಾತಿಯ ಮಾತು. ಮಲಿಕರು ಯುದ್ಧದ ತರುವಾಯ ಐ.ಸಿ.ಎಸ್. ಸೇರಿ ದೊಡ್ಡ ಹುದ್ದೆಗಳನ್ನು ನಡೆಸಿದರು. 1947ರಲ್ಲಿ ದೇಶ ಸ್ವತಂತ್ರವಾದಾಗ ಕೆನಡಾಕ್ಕೆ ನಮ್ಮ ಮೊತ್ತಮೊದಲ ಹೈಕಮಿಷನರ್ ಆಗಿ ಹೋದವರು ಇವರೇ. ಹದಿನೇಳು ವರ್ಷಗಳ ಹಿಂದೆ ಬಾರ್ಕರ್ ಬಿದ್ದು ಸತ್ತ ಆಟಾವಾ ನಗರದಲ್ಲಿಯೇ ಸ್ವತಂತ್ರ ಭಾರತದ ಧ್ವಜದ ಕೆಳಗೆ ಕುಳಿತು ಕೆಲಸ ಮಾಡಿದರು. 1985ರ ಅಕ್ಟೋಬರಿನಲ್ಲಿ, ತೊಂಬತ್ತು ತುಂಬಿದ ಮೇಲೆ, ತೀರಿಕೊಂಡರು. ಬಾರ್ಕರನೊಡನೆ ಹಾರಿದ ದಿನ ಕಾಲಿಗೆ ಹೊಕ್ಕ ಸೀಸದ ಚೂರುಗಳು ಕೊನೆಯವರೆಗೂ ಅವರ ಮೈಯಲ್ಲೇ ಇದ್ದುವು.

ಇದನ್ನೆಲ್ಲ ಬರೆಯುವಾಗ ನನಗೆ ತೋರಿದ ಮಾತು ಇಷ್ಟೇ. ನಮ್ಮ ಸಂಘದ ಕುಟುಂಬಗಳಲ್ಲಿಯೂ ಸೈನ್ಯದಲ್ಲಿ ದುಡಿದು ಬಂದ ಹಿರಿಯರಿರಬಹುದು. ಅವರು ಮನೆಗೆ ಬಂದಾಗ ನಾವು ಪದಕಗಳನ್ನು ನೋಡಬಯಸುತ್ತೇವೆ, ಮಕ್ಕಳಿಗೆ ತೋರಿಸುತ್ತೇವೆ. ಮೆಟ್ಟಿಲು ಹತ್ತುವಾಗ ಅವರು ಗೋಡೆ ಹಿಡಿಯುವುದನ್ನು ಕಂಡೂ ಕಾಣದಂತಿರುತ್ತೇವೆ. ಶವಯಾತ್ರೆಗೆ 50,000 ಜನ ಸೇರುವುದು ಕಷ್ಟವಲ್ಲ. ಬದುಕಿರುವಾಗ ನಾಲ್ಕು ಜನ ಹತ್ತಿರ ಕುಳಿತು ನೋವನ್ನು ಕೇಳುವುದು ಕಷ್ಟ.

ಮುಂದಿನ ಮಾರ್ಚ್ 12ರಂದು ದಾಂಡಿಯನ್ನೂ ಮೈಲಾರ ಮಹಾದೇವಪ್ಪನವರನ್ನೂ ನೆನೆದ ಮೇಲೆ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಈ ಕೆನಡಾದ ಹುಡುಗನ ಕಥೆಯನ್ನೂ ಹೇಳಿರಿ. ಅಕ್ಟೋಬರ್ 27ರ ಕಾಳಗವನ್ನು ಅವರು ಕೇಳಿಯೇ ಕೇಳುತ್ತಾರೆ. ಆ ಪ್ಯಾರಾಶೂಟಿನ ಸಂಗತಿಯನ್ನು ಮಾತ್ರ ಮರೆಯದೆ ಹೇಳಿರಿ.